ಮೊದಲು ಕಥೆ, ಆಮೇಲೆ ಕವಿತೆ: ನಮ್ಮ ಓದುಗುಂಪು ನಿಂತಿದ್ದು ಹೀಗೆ

ಇಂಗ್ಲೆಂಡಿನಲ್ಲಿರುವ ಕನ್ನಡದ ಹೆಂಗಸರನ್ನು ಒಂದು ಕಡೆ ಸೇರಿಸಿ, ಇಲ್ಲಿನ ಹೆಂಗಸರು ಬರೆದ ಈಗಿನ ಕವಿತೆಗಳನ್ನು ಓದಿಸುವುದು ಆಗದ ಕೆಲಸ ಅಂತ ಹೇಳಿದವರೇ ಜಾಸ್ತಿ. "ಮೇಡಂ, ಬಿಸಿಬೇಳೆಬಾತ್ ಇಟ್ಟರೆ ಜನ ಬರ್ತಾರೆ, ಕವಿತೆ ಅಂದ್ರೆ ಬರಲ್ಲ" ಅಂತ ಹಿರಿಯರೊಬ್ಬರು ನೇರವಾಗಿಯೇ ಹೇಳಿದ್ದರು. ಈಗ ನಮ್ಮ ಗುಂಪಿಗೆ ಮೂರನೇ ವರ್ಷ. ತಿಂಗಳಿಗೊಂದು ಶನಿವಾರ ಸೇರುತ್ತೇವೆ. 18-20 ಜನ ಬರುತ್ತಾರೆ. ಜಾಗ ಇಲ್ಲ ಅಂತ ಕೆಲವರಿಗೆ ಮುಂದಿನ ತಿಂಗಳು ಬನ್ನಿ ಅನ್ನುವ ಪರಿಸ್ಥಿತಿ ಬಂದಿದೆ. ಬಿಸಿಬೇಳೆಬಾತ್ ಒಂದು ಸಲವೂ ಇಟ್ಟಿಲ್ಲ.

ಓದುಗುಂಪು ನಡೆಸುವವರಿಗೆ ಕುರ್ಚಿ, ಪ್ರತಿ, ಚಹಾದ ವಿಷಯ ನಾನು ಹೇಳಬೇಕಿಲ್ಲ. ದುಡ್ಡು ಎಲ್ಲಿ ಹೋಯಿತು ಅಂತ ಹೇಳುತ್ತೇನೆ. ಮೊದಲಿಗೆ ಇಲ್ಲಿನ ಕವಿ ಕ್ಯಾರಲ್ ಆ್ಯನ್ ಡಫಿಯ 'ದಿ ವರ್ಲ್ಡ್ಸ್ ವೈಫ್' ಪುಸ್ತಕದ ಹತ್ತು ಹನ್ನೆರಡು ಪ್ರತಿ ಕೊಂಡು ಹಂಚಿದೆ. ಹೆಚ್ಚುಕಡಿಮೆ 110 ಪೌಂಡ್ ಆಯಿತು. ಓದಿಕೊಂಡು ಬಂದವರು ಇಬ್ಬರು. ಸಭಾಂಗಣಕ್ಕೆ ಗಂಟೆಗೆ 20 ಪೌಂಡ್, ಎರಡು ಗಂಟೆ ಹಿಡಿಯಲೇಬೇಕು. ನಾಲ್ಕು ಜನಕ್ಕೆ 40 ಪೌಂಡ್ ಕೊಟ್ಟು ಕೂತಿದ್ದೂ ಉಂಟು. ಮೊದಲ ಆರು ತಿಂಗಳಲ್ಲಿ ಕೈಯಿಂದ 400 ಪೌಂಡ್ ಹತ್ತಿರ ಹೋಗಿರಬೇಕು. ಮನೆಯಲ್ಲಿ ಆದ ಮಾತುಕತೆ ಇಲ್ಲಿ ಬೇಡ.

ಆಮೇಲೆ ಸ್ಲೈಡ್ ಹಾಕಿ ಸ್ತ್ರೀವಾದದ ಪೀಠಿಕೆ ಕೊಟ್ಟೆ. ಅದು ಮುಗಿಯುವ ಹೊತ್ತಿಗೆ ಎಲ್ಲರೂ ಗಡಿಯಾರ ನೋಡುತ್ತಿದ್ದರು. ಕವಿತೆಗೆ ಉಳಿದಿದ್ದು ಹತ್ತು ನಿಮಿಷ. ವಾಟ್ಸಾಪಿನಲ್ಲಿ ದಿನಕ್ಕೊಂದು ಕವಿತೆಯ ಲಿಂಕ್ ಹಾಕಿದೆ. ಹೆಬ್ಬೆರಳು ಬಂತು, ಮಾತು ಬರಲಿಲ್ಲ. ಫಿಯೋನಾ ಬೆನ್ಸನ್‌ಳ 'ವರ್ಟಿಗೋ ಅಂಡ್ ಘೋಸ್ಟ್' 2019ರಲ್ಲಿ ಕವಿತೆಗೆ ಕೊಡುವ ಫಾರ್ವರ್ಡ್ ಪ್ರಶಸ್ತಿ ಪಡೆದ ಪುಸ್ತಕ. ಗ್ರೀಕರ ದೊಡ್ಡ ದೇವರು ಜ್ಯೂಸ್ ಅಲ್ಲಿ ಹೆಂಗಸರ ಮೇಲೆ ಮೇಲಿಂದ ಮೇಲೆ ಅತ್ಯಾಚಾರ ಮಾಡುವವನು. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಕೋಣೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದರೆ ಏನಾಗುತ್ತದೆ? ಎಲ್ಲರೂ ಸುಮ್ಮನಾದರು. ಇಬ್ಬರು ಮತ್ತೆ ಬರಲಿಲ್ಲ. ಅದೇ ಕವಿತೆಗಳನ್ನು ಎರಡನೇ ವರ್ಷ, ಗುಂಪು ಗಟ್ಟಿಯಾದ ಮೇಲೆ ಓದಿದೆವು. ಅವತ್ತು ಕೋಣೆ ಖಾಲಿ ಮಾಡಿ ಅಂತ ಬಂದು ಹೇಳಿದರೂ ಯಾರೂ ಏಳಲಿಲ್ಲ.

ದಾರಿ ತೋರಿಸಿದ್ದು ಮಕ್ಕಳ ಜಿಸಿಎಸ್‌ಇ, ಅಂದರೆ ನಮ್ಮ ಹತ್ತನೇ ತರಗತಿಯಂಥ ಪರೀಕ್ಷೆಯ, ಪುಸ್ತಕ. ಹದಿನೈದು ವರ್ಷದ ಮಕ್ಕಳಿರುವ ಎಷ್ಟೋ ಮನೆಯಲ್ಲಿ ಎಕ್ಯೂಎ ಪರೀಕ್ಷಾ ಮಂಡಳಿಯ ಕವಿತಾ ಸಂಕಲನ ಬಿದ್ದಿರುತ್ತದೆ. ಬಿಟ್ಟಿ ಪುಸ್ತಕ, ಅಲ್ವಾ! ಅದರ ಅಧಿಕಾರ ಮತ್ತು ಸಂಘರ್ಷದ ಭಾಗದಲ್ಲಿ 15 ಕವಿತೆಗಳಿವೆ, ಹೆಂಗಸರದು ಐದು. ಅದರಲ್ಲಿ ಜೇನ್ ವೇರ್‌ಳ 'ಪಾಪೀಸ್' ತೆಗೆದುಕೊಂಡೆವು. ತಾಯಿ ಮಗನನ್ನು ಸೈನ್ಯಕ್ಕೆ ಕಳಿಸಿಕೊಡುತ್ತಾಳೆ. ಸತ್ತ ಸೈನಿಕರ ನೆನಪಿಗೆ ಇಲ್ಲಿ ತೊಡುವ ಕಾಗದದ ಕೆಂಪು ಪಾಪಿ ಹೂವನ್ನು ಅವನ ಬ್ಲೇಜರಿಗೆ ಚುಚ್ಚುತ್ತಾಳೆ. ಸೆಲ್ಲೋಟೇಪನ್ನು ಕೈಗೆ ಬ್ಯಾಂಡೇಜಿನ ಹಾಗೆ ಸುತ್ತಿಕೊಂಡು, ಅವನ ಬಟ್ಟೆಗೆ ಅಂಟಿದ ಬೆಕ್ಕಿನ ಬಿಳಿ ಕೂದಲನ್ನು ತೆಗೆಯುತ್ತಾಳೆ. ಮಗನನ್ನು ಆಗತಾನೇ ಯೂನಿವರ್ಸಿಟಿಗೆ ಬಿಟ್ಟು ಬಂದಿದ್ದ ಒಬ್ಬ ಅಕ್ಕ ಆ ಸೆಲ್ಲೋಟೇಪಿನ ಸಾಲಿಗೆ ಓದು ನಿಲ್ಲಿಸಿ, ಅರ್ಧ ಗಂಟೆ ಮಾತಾಡಿದರು. ಸೈನಿಕನ ಬಗ್ಗೆ ಕವಿತೆ ಬೇಕಾದಷ್ಟಿದೆ, ಬಾಗಿಲಲ್ಲಿ ನಿಂತವಳ ಕೈ ಏನು ಮಾಡುತ್ತಿತ್ತು ಅಂತ ಯಾರು ಬರೆದಿದ್ದಾರೆ ಅಂತ ಕೇಳಿದ್ದೂ ಅವರೇ. ನನ್ನ ಸ್ಲೈಡುಗಳು ಹೇಳಲಾಗದ್ದು ಇದೇ.

ಅಲ್ಲಿಂದ ಕ್ರಮ ಬದಲಾಯಿಸಿದೆ. ಡಫಿಯ ಆ ಪುಸ್ತಕ 1999ರದು. ಪುರಾಣ, ಚರಿತ್ರೆಯ ದೊಡ್ಡ ಗಂಡಸರ ಹೆಂಡತಿಯರು, ಜೊತೆಗಾತಿಯರು ಅಲ್ಲಿ ಬಾಯಿ ಬಿಡುತ್ತಾರೆ. ಗಂಡನ ಕಥೆ ಗೊತ್ತಿಲ್ಲದವರಿಗೆ ಹೆಂಡತಿಯ ಮಾತು ನಾಟುವುದಿಲ್ಲ. ಇಲ್ಲಿನವರಿಗೆ ಮುಟ್ಟಿದ್ದೆಲ್ಲ ಚಿನ್ನವಾಗಲಿ ಅಂತ ವರ ಬೇಡಿದ ಮೈಡಾಸ್, ಬಂಡೆಯನ್ನು ಬೆಟ್ಟಕ್ಕೆ ಉರುಳಿಸುತ್ತಲೇ ಇರುವ ಸಿಸಿಫಸ್ ಶಾಲೆಯಲ್ಲೇ ಸಿಕ್ಕಿರುತ್ತಾರೆ, ನಮಗೆ ಎಲ್ಲಿ? ಅದಕ್ಕೇ ಮೊದಲು ಒಬ್ಬರು ಗಂಡಸಿನ ಕಥೆಯನ್ನು ಕನ್ನಡದಲ್ಲಿ, ಮಕ್ಕಳಿಗೆ ಹೇಳುವ ಹಾಗೆ ಐದು ನಿಮಿಷ ಹೇಳುತ್ತಾರೆ. ಆಮೇಲೆ ಕವಿತೆಯನ್ನು ಇಂಗ್ಲಿಷಿನಲ್ಲಿ ಎರಡು ಸಲ, ಇಬ್ಬರ ದನಿಯಲ್ಲಿ ಓದುತ್ತೇವೆ. ಎರಡು ಓದಿನ ನಡುವೆ ಯಾರೂ ಮಾತಾಡಬಾರದು. ಸ್ತ್ರೀವಾದ ಅನ್ನುವ ಪದವನ್ನು ನಾನಾಗಿ ಎತ್ತುವುದಿಲ್ಲ. ಅರ್ಧ ಗಂಟೆಯೊಳಗೆ ಅವರೇ ಎತ್ತುತ್ತಾರೆ.

'ಮಿಸೆಸ್ ಮೈಡಾಸ್' ನೋಡಿ. ಸೆಪ್ಟೆಂಬರ್ ಕೊನೆ, ತರಕಾರಿ ಬೇಯುತ್ತಿದೆ. ಗಂಡ ತೋಟದಲ್ಲಿ ಪೇರ್ ಮರದ ರೆಂಬೆ ಮುರಿಯುತ್ತಾನೆ, ಅದು ಚಿನ್ನ. ಊಟಕ್ಕೆ ಕೂತರೆ ಜೋಳದ ತೆನೆಯೂ ಚಿನ್ನ. ಆಗ ಅವಳು ಮಾಡುವುದೇನು? ಬೆಕ್ಕನ್ನು ನೆಲಮಾಳಿಗೆಗೆ ಹಾಕಿ ಬೀಗ ಹಾಕುತ್ತಾಳೆ. ರಾತ್ರಿ ತನ್ನ ಕೋಣೆಯ ಬಾಗಿಲಿಗೆ ಕುರ್ಚಿ ಒತ್ತಿಡುತ್ತಾಳೆ. ಕೊನೆಗೆ ಗಂಡನನ್ನು ದೂರದ ಕ್ಯಾರವಾನಿಗೆ, ಅಂದರೆ ಗಾಡಿಮನೆಗೆ, ಕಳಿಸುತ್ತಾಳೆ. ಇಷ್ಟೆಲ್ಲ ಆದ ಮೇಲೂ ಅವಳಿಗೆ ನೆನಪಾಗುವುದು ಅವನ ಕೈ, ಅವನ ಸ್ಪರ್ಶ. ಕುರ್ಚಿ ಒತ್ತಿಟ್ಟದ್ದು ಸರಿ ಅನ್ನುವವರು ಒಂದು ಕಡೆ, ಅವಳಿಗೂ ಒಂದು ಮಾತು ಕೇಳಿ ವರ ಬೇಡಬಾರದಿತ್ತೇ ಅನ್ನುವವರು ಇನ್ನೊಂದು ಕಡೆ. ಮನೆ ಕೊಂಡಿದ್ದು, ಕೆಲಸ ಬಿಟ್ಟಿದ್ದು, ದೇಶ ಬಿಟ್ಟು ಬಂದಿದ್ದು ಯಾರನ್ನು ಕೇಳಿ ಅನ್ನುವವರೆಗೆ ಮಾತು ಹೋಯಿತು. ಆಗ ನಾನು ಬಾಯಿ ಮುಚ್ಚಿ ಕೂತೆ. ನಡೆಸುವವರು ಕಲಿಯಬೇಕಾದ ಕೆಲಸ ಅದು.

ಮೊದಲ ಸಲ ಬಂದವರ ಕೈಗೆ ಯಾವ ಕವಿತೆ ಕೊಡುತ್ತೇನೆ, ಮೊದಲ ಓದು ಯಾರಿಂದ ಮಾಡಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಗುಂಪು ನಿಂತಿರುವುದೇ ಅದರ ಮೇಲೆ.

ಪಕ್ಕದಾರಿಗಳೂ ಆದವು. ಒಂದು ಸಲ ಗಂಡಂದಿರನ್ನು ಕರೆದೆವು. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ 'ಮೈ ಲಾಸ್ಟ್ ಡಚೆಸ್' ಅದೇ ಶಾಲಾ ಸಂಕಲನದಲ್ಲಿದೆ. ಸತ್ತ ಹೆಂಡತಿ ಎಲ್ಲರನ್ನೂ ನೋಡಿ ನಗುತ್ತಿದ್ದಳು ಅಂತ ದೂರುವ ಡ್ಯೂಕ್‌ನ ಮಾತನ್ನು ಒಬ್ಬ ಗಂಡಸು ಓದಿದರು. ಅವಳಿಗೆ ಅಲ್ಲಿ ಮಾತೇ ಇಲ್ಲ, ಗೋಡೆ ಮೇಲಿನ ಚಿತ್ರ ಅಷ್ಟೇ. ಅದಾದ ಕೂಡಲೇ ಡಫಿಯ ಹೆಂಡತಿಯರನ್ನು ಹೆಂಗಸರು ಓದಿದರು. ವ್ಯಾಖ್ಯಾನ ಬೇಕಾಗಲಿಲ್ಲ. ಅದೇ ವಾರ ಒಬ್ಬರು ಚಂದ್ರಮತಿಯ ಮಾತಾಗಿ ಎರಡು ಪುಟ ಬರೆದು ತಂದರು. ಮಗನ ಹೆಣ ಮಡಿಲಲ್ಲಿಟ್ಟುಕೊಂಡು, ಸುಡಲು ಸುಂಕ ಕೇಳುವ ಗಂಡನಿಗೆ ಅವಳು ಕೊಡುವ ಉತ್ತರ. ಅದನ್ನು ಇಡೀ ಗುಂಪು ಎರಡು ಸಲ ಓದಿಸಿತು.

ಸ್ಕಾಟ್ಲೆಂಡಿನ ಕವಿ ಜಾಕಿ ಕೇ 1991ರಲ್ಲಿ ತಂದ 'ದಿ ಅಡಾಪ್ಶನ್ ಪೇಪರ್ಸ್'ನಲ್ಲಿ ಮಗಳು, ಸಾಕಿದ ತಾಯಿ, ಹೆತ್ತ ತಾಯಿ, ಹೀಗೆ ಮೂರು ದನಿ. ಮೂರಕ್ಕೂ ಬೇರೆ ಬೇರೆ ಅಚ್ಚಿನ ಅಕ್ಷರ. ಮನೆ ನೋಡಲು ದತ್ತು ಸಂಸ್ಥೆಯವರು ಬರುತ್ತಾರೆ ಅಂತ ಸಾಕಿದ ತಾಯಿ ಮಾರ್ಕ್ಸ್, ಲೆನಿನ್ ಪುಸ್ತಕಗಳನ್ನು ಬಟ್ಟೆ ಕಪಾಟಿನಲ್ಲಿ ಬಚ್ಚಿಡುತ್ತಾಳೆ. ಅವಳ ಮಾತು ಸ್ಕಾಟ್ಲೆಂಡಿನ ಆಡುಮಾತು. ಧಾರವಾಡದ ಒಬ್ಬರು ಆ ಭಾಗ ನನಗೇ ಬೇಕು ಅಂತ ಹಟ ಹಿಡಿದರು. ಎಷ್ಟು ಚೆನ್ನಾಗಿ ಓದಿದರು ಅಂದರೆ, ಈಗ ಆಡುಮಾತಿನ ಕವಿತೆ ಬಂದರೆ ಅವರಿಗೇ ಮೀಸಲು.

ಖರ್ಚು ಈಗ ಹಿಡಿತದಲ್ಲಿದೆ. ಊರಿನ ಗ್ರಂಥಾಲಯದ ಕೋಣೆ ಬಿಟ್ಟಿಯಾಗಿ ಸಿಕ್ಕಿದೆ. ಡಬ್ಬಿಗೆ ತಲಾ 3 ಪೌಂಡ್ ಬೀಳುತ್ತದೆ, ಚಹಾ ಕಳೆದು 30 ಪೌಂಡ್ ಆಚೀಚೆ ಉಳಿಯುತ್ತದೆ. ಅದರಲ್ಲಿ ತಿಂಗಳಿಗೆ ಎರಡು ಮೂರು ಪುಸ್ತಕ ಕೊಳ್ಳುತ್ತೇವೆ. ಉಳಿದವು ಲಂಡನ್ನಿನ ಸೌತ್‌ಬ್ಯಾಂಕ್ ಸೆಂಟರಿನಲ್ಲಿರುವ ನ್ಯಾಷನಲ್ ಪೊಯಟ್ರಿ ಲೈಬ್ರರಿಯಿಂದ. ರಾಯಲ್ ಫೆಸ್ಟಿವಲ್ ಹಾಲಿನ ಐದನೇ ಮಹಡಿ, ಸದಸ್ಯತ್ವಕ್ಕೆ ದುಡ್ಡಿಲ್ಲ. ಗುಂಪು ಶುರು ಮಾಡುವವರು ಪುಸ್ತಕ ಕೊಳ್ಳುವ ಮೊದಲು ಆ ಕಾರ್ಡ್ ಮಾಡಿಸಿ. ಮುಂದಿನ ತಿಂಗಳು ಗ್ರೇಸ್ ನಿಕೋಲ್ಸ್ ಓದುತ್ತೇವೆ. ಗಯಾನಾದಿಂದ ಬಂದು ಇಲ್ಲಿ ನೆಲೆಸಿದವರು. 1984ರಲ್ಲೇ ಕಪ್ಪು, ದಪ್ಪ ಹೆಂಗಸನ್ನು ಕವಿತೆಯ ನಡುಮನೆಗೆ ತಂದು ಹಾಯಾಗಿ ಕೂರಿಸಿದವರು. ಕಥೆ ಹೇಳುವ ಸರದಿ ಯಾರದು ಅಂತ ಈಗಾಗಲೇ ಜಗಳ ಶುರುವಾಗಿದೆ.