ಫಲಕ ಬಿಟ್ಟು ಗೋಡೆ ಹಿಡಿದೆ: ಅಯೋವಾದ ಒಂದು ಚಿತ್ರಮಂದಿರದ ಜಾಡು

ಅಮೆರಿಕದ ಅಯೋವಾ ರಾಜ್ಯದ ಪುಟ್ಟ ಊರೊಂದರಲ್ಲಿ ನೆಲೆಸಿದ್ದೇನೆ. ಇಲ್ಲಿಯ ಗ್ರಂಥಾಲಯಕ್ಕಾಗಿ ಊರಿನ ಚಿತ್ರಮಂದಿರದ ಇತಿಹಾಸ ಬರೆದುಕೊಡಲು ಒಪ್ಪಿಕೊಂಡಾಗ ಹಿರಿಯರು ಕೊಟ್ಟದ್ದೆಲ್ಲ ಹೆಸರುಗಳನ್ನೇ. ಒಬ್ಬರು ಪ್ರಿನ್ಸೆಸ್ ಎಂದರೆ ಇನ್ನೊಬ್ಬರು ಸ್ಟ್ರ್ಯಾಂಡ್ ಎನ್ನುತ್ತಾರೆ. ಮತ್ತೊಬ್ಬರು ಎರಡೂ ಇರಲಿಲ್ಲವೆಂದು ಪಟ್ಟು ಹಿಡಿಯುತ್ತಾರೆ. ಮಾಲೀಕ ಬದಲಾದಂತೆ ಫಲಕವೂ ಬದಲಾಗುವುದು ಇಂಥ ಊರುಗಳಲ್ಲಿ ಮಾಮೂಲು. ಹಾಗಾಗಿ ಹೆಸರುಗಳನ್ನು ಬದಿಗಿಟ್ಟು ಕಟ್ಟಡದ ಬೆನ್ನುಹತ್ತಿದೆ. ಈ ಕೆಲಸಕ್ಕೆ ಕೈಹಾಕುವವರಿಗೆಲ್ಲ ನಾನು ಹೇಳುವುದೂ ಅದನ್ನೇ.

ಮೊದಲು ತೆರೆದದ್ದು ಸ್ಯಾನ್‌ಬೋರ್ನ್ ನಕ್ಷೆಗಳನ್ನು. ಬೆಂಕಿ ವಿಮೆಯವರಿಗಾಗಿ 1867ರಿಂದ ತಯಾರಾದ ಇವು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅಂಗುಲಕ್ಕೆ 50 ಅಡಿ ಅಳತೆ. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ. ವಿಮೆಯವರಿಗೆ ಸಿನಿಮಾ ಎಂದರೆ ದಿಗಿಲು. ಅಂದಿನ ನೈಟ್ರೇಟ್ ಫಿಲ್ಮ್ ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರುತ್ತಿರಲಿಲ್ಲ. ಆ ದಿಗಿಲೇ ನಮಗೆ ಲಾಭ: ದೀಪ ವಿದ್ಯುತ್ತಿನದೋ ಅನಿಲದ್ದೋ, ಬಿಸಿಗೆ ಒಲೆಯೋ ಹಬೆಯೋ ಎಂಬುದನ್ನೂ ಗುರುತು ಹಾಕಿಕೊಂಡಿದ್ದಾರೆ. ನಮ್ಮ ಊರಿನ ಹಾಳೆಯಲ್ಲಿ ಒಂದು ಗುಲಾಬಿ ಚೌಕದ ಕೆಳಗೆ ಹಾರ್ಡ್‌ವೇರ್ ಅಂಗಡಿ, ಮಹಡಿಯಲ್ಲಿ ಅಪೆರಾ ಹೌಸ್ (ನಾಟಕ, ಸಂಗೀತ ನಡೆಯುವ ಸಭಾಂಗಣ) ಎಂದಿದೆ. ಮುಂದಿನ ಆವೃತ್ತಿಯಲ್ಲಿ ಅದೇ ಚೌಕದ ಮೇಲೆ ಬದಲಾವಣೆ ತೋರಿಸಲು ಅಂಟಿಸಿದ ಒಂದು ಕಾಗದದ ತೇಪೆ. ತೇಪೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ‘ಮೂವಿಂಗ್ ಪಿಕ್ಚರ್ಸ್’. ಅಂಗಡಿ ಹೋಗಿ ಸಿನಿಮಾ ಕೆಳಕ್ಕಿಳಿದಿತ್ತು. ಒಂದು ಎಚ್ಚರಿಕೆ: ಕದ ಸಂಖ್ಯೆಗಳೂ ಬದಲಾಗುತ್ತವೆ, ಆದ್ದರಿಂದ ಮೂಲೆಯ ಬ್ಯಾಂಕಿನಿಂದ ಎಷ್ಟನೆಯ ಕಟ್ಟಡ ಎಂದು ಎಣಿಸಿಕೊಳ್ಳಿ.

ಅಪೆರಾ ಹೌಸುಗಳನ್ನು ಕಡೆಗಣಿಸಬಾರದು. ಇದೇ ರಾಜ್ಯದ ವಾಷಿಂಗ್ಟನ್ ಎಂಬ ಊರಿನ ಸ್ಟೇಟ್ ಥಿಯೇಟರ್ ಹುಟ್ಟಿದ್ದು ಗ್ರಹಾಂ ಅಪೆರಾ ಹೌಸ್ ಆಗಿ. ಅಲ್ಲಿ ಮೊದಲ ಬಾರಿಗೆ ಚಲನಚಿತ್ರ ತೋರಿಸಿದ್ದು 1897ರ ಮೇ 14ರಂದು. ಐದು ಸೆಂಟಿನ ಟಿಕೆಟ್ಟಿನ ಪುಟ್ಟ ಚಿತ್ರಮಂದಿರವಾದ ಪಿಟ್ಸ್‌ಬರ್ಗಿನ ಪ್ರಸಿದ್ಧ ನಿಕಲೋಡಿಯನ್ ಬಂದದ್ದು ಅದಾದ ಎಂಟು ವರ್ಷಕ್ಕೆ, 1905ರಲ್ಲಿ.

ಆಮೇಲೆ ವಾರಪತ್ರಿಕೆಗಳ ಮೈಕ್ರೋಫಿಲ್ಮ್. ಸುದ್ದಿ ಬಿಟ್ಟು ಜಾಹೀರಾತು ಓದಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಚಿತ್ರದ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ‘ಬ್ಯಾಂಕ್ ನೈಟ್’ ಎಂದಿರುತ್ತದೆ. ಚೀಟಿ ಎತ್ತಿ ನಗದು ಬಹುಮಾನ ಕೊಡುವ, ಕೊಲೊರಾಡೊದ ಚಾರ್ಲ್ಸ್ ಯೇಗರ್ ಹುಟ್ಟುಹಾಕಿದ ಉಪಾಯ ಅದು. ಚಿತ್ರಮಂದಿರದ ಪುಸ್ತಕದಲ್ಲಿ ಯಾರು ಬೇಕಾದರೂ ಕಾಸಿಲ್ಲದೆ ಹೆಸರು ಬರೆಸಬಹುದಿತ್ತು. ಕಾನೂನಿನ ಕಣ್ಣಿಗೆ ಅದು ಲಾಟರಿಯಾಗಬಾರದಲ್ಲ! ಆದರೆ ಹೆಸರು ಎತ್ತಿದಾಗ ಕೆಲವೇ ನಿಮಿಷಗಳಲ್ಲಿ ವೇದಿಕೆಗೆ ಬರಬೇಕು, ಹಾಗಾಗಿ ಜನ ಟಿಕೆಟ್ ಕೊಂಡು ಒಳಗೇ ಕುಳಿತಿರುತ್ತಿದ್ದರು. ಇನ್ನೊಂದು ವಾರ ಹೆಂಗಸರಿಗೆ ಪಿಂಗಾಣಿ ತಟ್ಟೆ ಉಚಿತ. ಸಣ್ಣ ಊರಿನ ಮಾಲೀಕ ಚಿತ್ರಗಳನ್ನು ನಂಬಿ ಬದುಕಿದ್ದು ಕಡಿಮೆಯೇ ಎಂದು ನನಗೆ ಖಾತ್ರಿಯಾದದ್ದು ಇಲ್ಲಿ.

ನನಗೆ ಅತ್ಯಂತ ಇಷ್ಟವಾದ ಆಕರವೆಂದರೆ ಸಿನಿಮಾ ವ್ಯಾಪಾರದವರ ಪತ್ರಿಕೆಗಳು. ‘ಎಕ್ಸಿಬಿಟರ್ಸ್ ಹೆರಾಲ್ಡ್’ 1916ರಲ್ಲಿ ಆರಂಭಿಸಿದ ಅಂಕಣವೊಂದರಲ್ಲಿ ಪ್ರದರ್ಶಕರು ತಾವು ತೋರಿಸಿದ ಚಿತ್ರ ದುಡ್ಡು ತಂದಿತೋ ಮುಳುಗಿಸಿತೋ ಎಂದು ಬರೆಯುತ್ತಿದ್ದರು. ಮುಂದೆ ‘ಮೋಷನ್ ಪಿಕ್ಚರ್ ಹೆರಾಲ್ಡ್’ ಅದನ್ನು ಮುಂದುವರಿಸಿತು. ರಾಜರಾಣಿಯರ ವೇಷಭೂಷಣದ ಚಿತ್ರ ಕಳಿಸಿದರೆ ಸಣ್ಣ ಊರಿನ ಈ ಪ್ರದರ್ಶಕರಿಗೆ ಮೈ ಉರಿಯುತ್ತಿತ್ತು. ಬರಹದ ಕೊನೆಗೆ ಚಿತ್ರಮಂದಿರ, ಊರು, ಎಂಥ ಪ್ರೇಕ್ಷಕರು ಎಂಬುದೆಲ್ಲ ಇರುತ್ತದೆ. ಹಳೆಯ ಸಿನಿಮಾ ಪತ್ರಿಕೆಗಳನ್ನು ಜಾಲದಲ್ಲಿಟ್ಟಿರುವ ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯಲ್ಲಿ ಊರಿನ ಹೆಸರು ಹಾಕಿ ಹುಡುಕಿ. ಚಿತ್ರಮಂದಿರದ ಹೆಸರು ಹಾಕಿದರೆ ದೇಶದ ಪ್ರಿನ್ಸೆಸ್‌ಗಳೆಲ್ಲ ಬಂದು ಬೀಳುತ್ತವೆ.

ಟಿವಿ ಬಂದು ಎಲ್ಲವನ್ನೂ ಕೆಡಿಸಿತು ಎಂದು ಇಲ್ಲಿಯವರು ಗೊಣಗುತ್ತಾರೆ. ಅದು ಅರ್ಧ ಸತ್ಯ. ಅದಕ್ಕೂ ಮೊದಲೇ, ಮಾತಿನ ಚಿತ್ರ ಬಂದಾಗ ಧ್ವನಿಯಂತ್ರ ಕೊಳ್ಳಲಾಗದೆ ಬಾಗಿಲು ಹಾಕಿದವರಿದ್ದರು. ಒಳ್ಳೆಯ ಒಂದು ಚಿತ್ರಕ್ಕಾಗಿ ಕಂಪನಿಯ ಹತ್ತಾರು ಸಾಧಾರಣ ಚಿತ್ರಗಳನ್ನೂ ಕೊಳ್ಳಬೇಕಾದ ಕಟ್ಟುಪಾಡೂ ಮಾಲೀಕರನ್ನು ಹಿಂಡುತ್ತಿತ್ತು; ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿದ್ದು 1948ರಲ್ಲಿ. 2010ರ ದಶಕದಲ್ಲಿ 35 ಮಿ.ಮೀ. ರೀಲುಗಳು ನಿಂತಾಗ ಎಷ್ಟೋ ಊರುಗಳಲ್ಲಿ ಜನರೇ ಚಂದಾ ಎತ್ತಿ ಡಿಜಿಟಲ್ ಪ್ರೊಜೆಕ್ಟರ್ ತಂದರು.

ದಕ್ಷಿಣದ ರಾಜ್ಯಗಳಲ್ಲಿ ಹುಡುಕುವವರು ಪಕ್ಕದ ಗೋಡೆಯನ್ನು ನೋಡದೆ ಬರಬಾರದು. ವರ್ಣಭೇದದ ಕಾಲದಲ್ಲಿ ಕಪ್ಪು ಜನರನ್ನು ಬೇರೆ ಬಾಗಿಲಿನಿಂದ, ಬೇರೆ ಮೆಟ್ಟಿಲಿನಿಂದ ಬಾಲ್ಕನಿಗೆ ಹತ್ತಿಸುತ್ತಿದ್ದರು. ಆ ಬಾಗಿಲಿಗೆ ಆಮೇಲೆ ಇಟ್ಟಿಗೆ ಮುಚ್ಚಿರಬಹುದು, ಹೊಸ ಇಟ್ಟಿಗೆಯ ಬಣ್ಣ ಬೇರೆಯಾಗಿರುತ್ತದೆ. ಅದರ ಕತೆಯನ್ನು ಮುಂಬಾಗಿಲಿನಿಂದ ಒಳಹೋದವರಲ್ಲಿ ಕೇಳಿ ಪ್ರಯೋಜನವಿಲ್ಲ. ಆ ಮೆಟ್ಟಿಲು ಹತ್ತಿದ ಹಿರಿಯರಿದ್ದರೆ ಅವರನ್ನೇ ಕೇಳಬೇಕು.