ಕಾರ್ಡ್ ಸಂಖ್ಯೆ ಏಜೆಂಟರ ಕಿವಿಗೆ ಬೀಳದಂತೆ ಮಾಡಿದ್ದು

ಬೆಂಗಳೂರಿನಿಂದ ಬ್ರಿಟನ್ನಿನ ಗ್ರಾಹಕರಿಗೆ ಸೇವೆ ನೀಡುವ ಕಾಲ್ ಸೆಂಟರೊಂದರಲ್ಲಿ ಮಾಹಿತಿ ಭದ್ರತೆಯ ಹೊಣೆ ನನ್ನದಾಗಿತ್ತು. ಆ ಗ್ರಾಹಕರಲ್ಲಿ ಅನೇಕರು ಇಂದಿಗೂ ಕಾರ್ಡ್ ಸಂಖ್ಯೆಯನ್ನೂ ಹಿಂಬದಿಯ ಸಿವಿವಿಯನ್ನೂ ಫೋನಿನಲ್ಲೇ ಓದಿ ಹೇಳಿ ಹಣ ಪಾವತಿಸುತ್ತಾರೆ. ಪಾವತಿಗೆ ಅನುಮತಿ ದೊರೆತ ಮೇಲೆ ಸಿವಿವಿಯನ್ನು ಉಳಿಸಿಕೊಳ್ಳಬಾರದೆಂಬ, ಕಾರ್ಡ್ ಉದ್ಯಮದ ಭದ್ರತಾ ಮಾನದಂಡವಾದ ಪಿಸಿಐ ಡಿಎಸ್‌ಎಸ್‌ನ ನಿಯಮ ಕರೆಯ ಧ್ವನಿಮುದ್ರಣಕ್ಕೂ ಅನ್ವಯಿಸುವುದರಿಂದ, ಆ ಹಂತದಲ್ಲಿ ಏಜೆಂಟರು ರೆಕಾರ್ಡಿಂಗ್ ನಿಲ್ಲಿಸಿ, ಬಳಿಕ ಮತ್ತೆ ಆರಂಭಿಸುವ ಪದ್ಧತಿ ನಮ್ಮಲ್ಲಿತ್ತು. ಆದರೆ ಬಟನ್ ಒತ್ತುವವರೆಗೆ ಗ್ರಾಹಕರು ಕಾಯುತ್ತಾರೆಯೇ? ಅಲ್ಲದೆ, ರೆಕಾರ್ಡಿಂಗ್ ನಿಂತರೂ ಏಜೆಂಟರ ಕಿವಿ ತೆರೆದೇ ಇರುತ್ತದೆ. ಪೆನ್ನು, ಕಾಗದ, ಮೊಬೈಲ್‌ಗಳನ್ನು ಬಾಗಿಲಲ್ಲೇ ತೆಗೆದಿರಿಸಿ ಎಲ್ಲರನ್ನೂ ಅನುಮಾನಿಸುವ ಆ ವ್ಯವಸ್ಥೆ ನನಗೆ ಎಂದೂ ಹಿಡಿಸಿರಲಿಲ್ಲ.

ಅದರ ಬದಲಿಗೆ ನಾವು ಅಳವಡಿಸಿದ್ದು ಡಿಟಿಎಂಎಫ್ ಮಾಸ್ಕಿಂಗ್, ಅಂದರೆ ಫೋನಿನ ಕೀಲಿಗಳು ಹೊರಡಿಸುವ ಸ್ವರಗಳನ್ನು ಮರೆಮಾಚುವ ತಂತ್ರ. ಗ್ರಾಹಕರು ಸಂಖ್ಯೆಯನ್ನು ತಮ್ಮ ಫೋನಿನ ಕೀಲಿಗಳಲ್ಲಿ ಒತ್ತುತ್ತಾರೆ. ಏಜೆಂಟರಿಗೆ ಒಂದೇ ಬಗೆಯ ಸಪ್ಪೆ ಬೀಪ್ ಕೇಳಿಸುತ್ತದೆ, ಪರದೆಯ ಮೇಲೆ ನಕ್ಷತ್ರ ಚಿಹ್ನೆಗಳು ಮೂಡುತ್ತವೆ, ಅಂಕಿಗಳು ನೇರವಾಗಿ ಹಣ ಪಾವತಿಯನ್ನು ನಡೆಸಿಕೊಡುವ ವ್ಯವಸ್ಥೆಗೆ (ಪಾವತಿ ಗೇಟ್‌ವೇ) ಹೋಗುತ್ತವೆ. ಮಾತು ಮಾತ್ರ ಕಡಿಯುವುದಿಲ್ಲ.

ಪರೀಕ್ಷೆಯ ಹಂತಕ್ಕೆ ನಾನು ಹೆಚ್ಚು ಸಮಯ ಕೊಟ್ಟೆ. ಪ್ರತಿ ಕೀಲಿಯೂ ಎರಡು ಸ್ವರಗಳನ್ನು ಒಟ್ಟಿಗೆ ಹೊರಡಿಸುತ್ತದೆ: 1ನ್ನು ಒತ್ತಿದರೆ 697 ಮತ್ತು 1209 ಹರ್ಟ್ಸ್, 5ನ್ನು ಒತ್ತಿದರೆ 770 ಮತ್ತು 1336 ಹರ್ಟ್ಸ್. ಇಂಟರ್ನೆಟ್ ಆಧಾರಿತ ಲೈನುಗಳಲ್ಲಿ ಅಂಕಿ ಸಾಮಾನ್ಯವಾಗಿ ಪ್ರತ್ಯೇಕ ಪ್ಯಾಕೆಟ್ಟಿನಲ್ಲಿ ಬರುತ್ತದೆಯಾದರೂ, ಸ್ವರದ ಮೊದಲ ತುಣುಕು ಕೆಲವೊಮ್ಮೆ ಧ್ವನಿಯ ಜೊತೆಗೇ ನುಸುಳಿಬಿಡುತ್ತದೆ. ಕಿವಿಗೆ ಅದು ಬರೀ ಟಿಕ್ ಎಂದಂತಿದ್ದರೂ ಸಾಫ್ಟ್‌ವೇರ್ ಅದರಿಂದ ಅಂಕಿಯನ್ನು ಗುರುತಿಸಬಲ್ಲದು. ಆದ್ದರಿಂದ ಲ್ಯಾಂಡ್‌ಲೈನ್, ಮೊಬೈಲ್ ಎರಡರಿಂದಲೂ ಪರೀಕ್ಷಾ ಕಾರ್ಡ್ ಸಂಖ್ಯೆಗಳನ್ನು ಒತ್ತಿಸಿ, ಆ ರೆಕಾರ್ಡಿಂಗ್‌ಗಳ ಸ್ಪೆಕ್ಟ್ರೋಗ್ರಾಮಿನಲ್ಲಿ, ಅಂದರೆ ಧ್ವನಿಯಲ್ಲಿನ ಆವರ್ತನಗಳನ್ನು ತೋರಿಸುವ ಚಿತ್ರದಲ್ಲಿ, ಈ ಸ್ವರ ಜೋಡಿಗಳ ಕುರುಹು ಸಿಗುವುದೇ ಎಂದು ಹುಡುಕಿದೆವು. ಮಾಸ್ಕಿಂಗ್ ಆದ ನಂತರದ ಧ್ವನಿಯೇ ರೆಕಾರ್ಡರಿಗೆ ತಲುಪಬೇಕೆಂಬುದು ಮಾರಾಟಗಾರರಿಗೆ ನಾನು ಹಾಕಿದ ಮೊದಲ ಷರತ್ತಾಗಿತ್ತು.

ಏಜೆಂಟರು ಕರೆ ಸ್ವೀಕರಿಸುವ ಫ್ಲೋರಿನಲ್ಲಿ ಎದುರಾದ ತೊಡಕು ಬೇರೆಯದೇ. ವಯಸ್ಸಾದ ಗ್ರಾಹಕರು ಕೀಲಿ ಒತ್ತುತ್ತಲೇ ಅಂಕಿಗಳನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಹಾಗಾದರೆ ಮಾಸ್ಕಿಂಗ್ ಇದ್ದೂ ಇಲ್ಲದಂತೆಯೇ. ಸ್ಕ್ರಿಪ್ಟನ್ನು ಬದಲಿಸಿ, ‘ದಯವಿಟ್ಟು ಸಂಖ್ಯೆಯನ್ನು ನನಗೆ ಹೇಳಬೇಡಿ, ಒತ್ತಿದರೆ ಸಾಕು’ ಎಂಬ ಅರ್ಥದ ವಾಕ್ಯವನ್ನು ಎಲ್ಲಕ್ಕಿಂತ ಮೊದಲು ಇಟ್ಟೆವು. ಕಿವಿಗಿಟ್ಟ ಮೊಬೈಲಿನ ಪರದೆ ಆರಿಹೋಗುತ್ತದೆಯಾದ್ದರಿಂದ ಅದನ್ನು ಕೆಳಗಿಳಿಸಿ ಕೀಪ್ಯಾಡ್ ತೆರೆಯಲು ಹೇಳುವುದನ್ನೂ ಕಲಿಸಿದೆವು. ಕರೆಯ ಸರಾಸರಿ ಅವಧಿ ಹೆಚ್ಚಿ ತಮ್ಮ ಕೆಲಸಕ್ಕೆ ಸಿಗುವ ಅಂಕ ಕುಸಿಯುತ್ತದೆಂಬ ಏಜೆಂಟರ ಆತಂಕ ನ್ಯಾಯವಾದದ್ದೇ. ಆರಂಭದ ವಾರಗಳಲ್ಲಿ ಪಾವತಿ ಕರೆಗಳನ್ನು ಆ ಲೆಕ್ಕದಿಂದ ಹೊರಗಿಡುವಂತೆ ಆಪರೇಷನ್ಸ್ ವಿಭಾಗವನ್ನು ಒಪ್ಪಿಸಿದ ಮೇಲೆಯೇ ಅವರು ಮನಸ್ಸಿಟ್ಟು ಬಳಸತೊಡಗಿದರು.

ಕೀಲಿ ಒತ್ತಲಾಗದವರಿಗೆ ಪಾವತಿಯ ಲಿಂಕ್ ಕಳಿಸುತ್ತೇವೆ. ಹಳೆಯ ರೆಕಾರ್ಡಿಂಗ್‌ಗಳಿಗೆ ಈ ತಂತ್ರಜ್ಞಾನದಿಂದ ಪ್ರಯೋಜನವಿಲ್ಲ; ಅವುಗಳಲ್ಲಿ ಪಾವತಿಯ ಕರೆಗಳನ್ನು ಹುಡುಕಿ, ನಮಗೆ ಈ ಕೆಲಸ ವಹಿಸಿದ್ದ ಸಂಸ್ಥೆಯ ಲಿಖಿತ ಒಪ್ಪಿಗೆ ಪಡೆದು ಅಳಿಸುವ ಕೆಲಸವನ್ನು ಬೇರೆಯಾಗಿಯೇ ಕೈಗೆತ್ತಿಕೊಳ್ಳಬೇಕಾಯಿತು.