ಕಥೆ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ

ತಿಂಗಳ ಎರಡನೇ ರವಿವಾರ ನಾಲ್ಕು ಗಂಟೆಗೆ ನಮ್ಮ ಮನೆಯ ಪಡಸಾಲೆಯಲ್ಲಿ ಹನ್ನೆರಡು ಹದಿಮೂರು ಜನ ಸೇರುತ್ತೇವೆ. ಊರು ಗದಗಿನ ಬೆಟಗೇರಿ. ನಾನು ಜೋರಾಗಿ ಕಥೆ ಓದುತ್ತೇನೆ, ಉಳಿದವರು ಕೇಳುತ್ತಾರೆ, ಆಮೇಲೆ ಮಾತು. ಬಹಳ ಜನ ನಮ್ಮ ಚರ್ಚಿನ ಸಭೆಯವರೇ. ಪಕ್ಕದ ಲಿಂಗಾಯತ ಮನೆಗಳಿಂದಲೂ ಇಬ್ಬರು ಬರುತ್ತಾರೆ. ಕ್ರೈಸ್ತ ಧರ್ಮ ಸಾರುವ ಬಾಸೆಲ್ ಮಿಷನ್‌ನವರು 1841ರಲ್ಲಿ ಬೆಟಗೇರಿಗೆ ಬಂದರು. ಸಂಜೆ ಮನೆಮಂದಿಯೆಲ್ಲ ಕೂತು ಸತ್ಯವೇದ, ಅಂದರೆ ಬೈಬಲ್, ಜೋರಾಗಿ ಓದುವುದು ನಮ್ಮಜ್ಜಿಯ ಕಾಲದಿಂದಲೂ ನಮ್ಮ ಮನೆಯ ರೂಢಿ. ಕಥೆಯನ್ನೂ ಹಾಗೇ ಓದಿದರೆ ಹೇಗೆ ಅಂತ ಅನಿಸಿತು. ಸಾಲಿ ಕೆಲಸದಿಂದ ನಿವೃತ್ತಿ ಆದ ಮೇಲೆ ಶುರು ಮಾಡಿದೆ.

ನಂಬಿಕೆ ಮತ್ತು ಕ್ಷಮೆಯ ಕಥೆಗಳನ್ನೇ ಆರಿಸಿಕೊಂಡೆ. ಮೊದಲು ಓದಿದ ಎರಡು ಮೂರು ಕಥೆ ಒಂದೇ ತರಹ ಇದ್ದವು. ಕೊನೆಯ ಪುಟದಲ್ಲಿ ತಪ್ಪು ಮಾಡಿದವನು ಅಳುತ್ತಾನೆ, ನೊಂದವಳು ಕ್ಷಮಿಸುತ್ತಾಳೆ, ಹೋದ ಆಸ್ತಿಯೂ ವಾಪಸ್ ಬರುತ್ತದೆ. ಓದಿ ಮುಗಿಸಿ, "ಇದರಿಂದ ಏನು ಕಲಿತಿರಿ?" ಅಂತ ಕೇಳಿದೆ. "ಕ್ಷಮಿಸಬೇಕ್ರಿ ಅಕ್ಕೋರ, ಛಲೋ ಐತ್ರಿ ಕಥಿ" ಅಂದರು. ಚಹಾ ಕುಡಿದು ಎದ್ದರು. ಯಾರ ಮನಸ್ಸಿಗೂ ಅದು ತಾಗಿರಲಿಲ್ಲ. ಅಷ್ಟು ಸಲೀಸಾಗಿ ಎಲ್ಲ ಸರಿಹೋಗುವುದನ್ನು ಅವರು ತಮ್ಮ ಮನೆಗಳಲ್ಲಿ ಕಂಡಿಲ್ಲ, ಅಲ್ವಾ?

ಆಮೇಲೆ ರಷ್ಯಾದ ಲೇಖಕ ಟಾಲ್‌ಸ್ಟಾಯ್ ಅವರು 1872ರಲ್ಲಿ ಪ್ರಕಟಿಸಿದ ಒಂದು ಸಣ್ಣ ಕಥೆ ತೆಗೆದುಕೊಂಡೆ. ದೇವರಿಗೆ ಸತ್ಯ ಕಾಣುತ್ತದೆ, ಆದರೆ ಕಾಯುತ್ತಾನೆ ಅನ್ನುವುದು ಅದರ ಹೆಸರಿನ ಅರ್ಥ. ಇಂಗ್ಲಿಷಿನಿಂದ ನಾನೇ ನಮ್ಮ ಮಾತಿಗೆ ತಂದುಕೊಂಡೆ. ಹೆಸರುಗಳನ್ನು ಮಾತ್ರ ಬದಲಿಸಲಿಲ್ಲ. ರಷ್ಯಾದವನು ರಷ್ಯಾದವನಾಗಿಯೇ ಇರಲಿ ಅಂತ. ಅಕ್ಸ್ಯೋನೊವ್, ಮಕಾರ್ ಅನ್ನುವ ಎರಡು ಹೆಸರು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದೆ. ಅಷ್ಟು ಸಾಕಾಯಿತು.

ಅಕ್ಸ್ಯೋನೊವ್ ಒಬ್ಬ ವ್ಯಾಪಾರಿ. ಜಾತ್ರೆಗೆ ಹೊರಟವನು ದಾರಿಯಲ್ಲಿ ಇನ್ನೊಬ್ಬ ವ್ಯಾಪಾರಿಯ ಜೊತೆ ಛತ್ರದಲ್ಲಿ ತಂಗುತ್ತಾನೆ. ಆ ರಾತ್ರಿ ಆ ಇನ್ನೊಬ್ಬನ ಕೊಲೆ ಆಗುತ್ತದೆ. ರಕ್ತ ಹತ್ತಿದ ಚಾಕು ಅಕ್ಸ್ಯೋನೊವ್‌ನ ಚೀಲದಲ್ಲಿ ಸಿಗುತ್ತದೆ. ಅವನನ್ನು ಸೈಬೀರಿಯಾಕ್ಕೆ ಕಳಿಸುತ್ತಾರೆ. 26 ವರ್ಷದ ನಂತರ ಅದೇ ಜೈಲಿಗೆ ಮಕಾರ್ ಬರುತ್ತಾನೆ. ನಿಜವಾದ ಕೊಲೆಗಾರ ಅವನೇ.

ಈ ಸಲ ಪೂರ್ತಿ ಒಂದೇ ಉಸಿರಿಗೆ ಓದಲಿಲ್ಲ. ಮೂರು ಕಡೆ ನಿಲ್ಲಿಸಿದೆ. ಏನು ಕಲಿತಿರಿ ಅನ್ನುವುದನ್ನು ಬಿಟ್ಟು, "ಎಲ್ಲಿ ತಡಕೊಳ್ಳಲಿಕ್ಕೆ ಆಗಲಿಲ್ಲ?" ಅಂತ ಕೇಳಿದೆ. ಕೇಳಿ ಸುಮ್ನೆ ಕೂತೆ. ಮೊದಲ ಸಲ ಆ ಮೌನ ಬಹಳ ಉದ್ದ ಅನಿಸಿತು. ನನಗೆ ಕೈಕಾಲು ಆಡಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಹೆಂಗಸರು ಎಲ್ಲರೂ ಒಂದೇ ಜಾಗ ಹೇಳಿದರು. ಜೈಲಿನಲ್ಲಿ ಹೆಂಡತಿ ಗಂಡನನ್ನು ನೋಡಲು ಬರುತ್ತಾಳೆ. ನಿಜ ಹೇಳು, ನೀನೇ ಮಾಡಿದೆಯಾ ಅಂತ ಮೆಲ್ಲಗೆ ಕೇಳುತ್ತಾಳೆ. ಇನ್ನು ಸತ್ಯ ಗೊತ್ತಿರುವುದು ದೇವರಿಗೆ ಮಾತ್ರ ಅಂತ ಅವನಿಗೆ ಅನಿಸುವುದು ಆಗಲೇ. ಅಲ್ಲಿಂದ ಅವನು ಯಾರಿಗೂ ಅರ್ಜಿ ಬರೆಯುವುದಿಲ್ಲ. ಮಗ್ಗದ ಮನೆಯ ಅಕ್ಕ ಒಬ್ಬರು, "ಆ ಮಕಾರ್‌ನ ಕ್ಷಮಾ ಮಾಡೋದು ಹಗೂರ ಐತ್ರಿ. ಈಕಿನ್ನ ಹೆಂಗ ಮಾಡೋದು?" ಅಂದರು. ಕಥೆಯಲ್ಲಿ ಅದಕ್ಕೆ ಉತ್ತರ ಇಲ್ಲ. ನಾನೂ ಕೊಡಲಿಲ್ಲ. ಅರ್ಧ ಗಂಟೆ ಅದೇ ಮಾತು ನಡೆಯಿತು.

ಮಕಾರ್ ಜೈಲಿನ ಗೋಡೆಯ ಕೆಳಗೆ ಸುರಂಗ ತೋಡುತ್ತಾನೆ. ಅದು ಅಕ್ಸ್ಯೋನೊವ್‌ನ ಕಣ್ಣಿಗೆ ಬೀಳುತ್ತದೆ. ಅಧಿಕಾರಿ ಕೇಳಿದಾಗ ಅಕ್ಸ್ಯೋನೊವ್ ಹೆಸರು ಹೇಳುವುದಿಲ್ಲ. ಕಾಲೇಜಿಗೆ ಹೋಗುವ ಹುಡುಗನೊಬ್ಬ, "ಇದು ಕ್ಷಮಾನೋ ದಣಿವೋ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಆ ಪುಟಕ್ಕೆ ವಾಪಸ್ ಹೋದೆವು. ನನ್ನ ಬಾಳು ಹಾಳು ಮಾಡಿದವನನ್ನು ನಾನೇಕೆ ಕಾಪಾಡಲಿ ಅಂತ ಅವನು ಯೋಚಿಸುತ್ತಾನೆ. ಹೇಳಿದರೆ ಇವನನ್ನು ಹೊಡೆದು ಸಾಯಿಸುತ್ತಾರೆ, ಅದರಿಂದ ನನಗೇನು ಬಂತು ಅಂತಲೂ ಯೋಚಿಸುತ್ತಾನೆ. ಸಿಟ್ಟು ಇನ್ನೂ ಆರಿಲ್ಲ, ಆದರೂ ಕೈ ಎತ್ತುವುದಿಲ್ಲ. ಆಗ ಪಕ್ಕದ ಮನೆಯ ಲಿಂಗಾಯತ ಅಜ್ಜಿ ಬಸವಣ್ಣನ ಕಥೆ ತೆಗೆದರು. ಕಳ್ಳರು ಆಕಳ ಹೊಡಕೊಂಡು ಹೋದಾಗ, ಕರ ಒದರತಾವು, ಅವನ್ನೂ ಕೊಟ್ಟು ಬರ್ರಿ ಅಂತ ಬಸವಣ್ಣ ಕಳಿಸಿದನಂತೆ. "ಅಂವಗ ದಣಿವು ಇರಲಿಲ್ಲಪಾ" ಅಂತ ಆ ಹುಡುಗನಿಗೆ ಹೇಳಿದರು.

ಆಮೇಲೆ ಮಕಾರ್ ರಾತ್ರಿ ಬಂದು ಕಾಲಿಗೆ ಬಿದ್ದು ಒಪ್ಪಿಕೊಳ್ಳುತ್ತಾನೆ. ದೇವರು ನಿನ್ನನ್ನು ಕ್ಷಮಿಸುತ್ತಾನೆ, ನಾನು ನಿನಗಿಂತ ನೂರು ಪಟ್ಟು ಕೆಟ್ಟವನಿರಬಹುದು ಅನ್ನುತ್ತಾನೆ ಅಕ್ಸ್ಯೋನೊವ್. ನಾನು ಆ ಕಥೆಯನ್ನು ಹತ್ತು ಸಲ ಓದಿದ್ದೆ. ನನಗೆ ಕಾಣದ್ದನ್ನು ಒಬ್ಬ ನರ್ಸಮ್ಮ ಕಂಡರು. "ದೇವರು ಕ್ಷಮಿಸ್ತಾನ ಅಂದ. ನಾ ಕ್ಷಮಿಸೇನಿ ಅಂತ ಅನ್ನಲಿಲ್ಲರಿ." ಪಡಸಾಲೆ ಗಪ್ಪಾಯಿತು. ಅವನ ಕೈಲಿ ಅಷ್ಟೇ ಆಗುತ್ತಿತ್ತೇನೋ. ಅಷ್ಟಕ್ಕೇ ಅವನ ಎದೆ ಹಗುರ ಆಯಿತು ಅಂತ ಕಥೆ ಹೇಳುತ್ತದೆ. ಮಕಾರ್ ಅಧಿಕಾರಿಗಳ ಮುಂದೆಯೂ ತಪ್ಪು ಒಪ್ಪಿಕೊಳ್ಳುತ್ತಾನೆ. ಬಿಡುಗಡೆಯ ಹುಕುಂ ಬರುವ ಹೊತ್ತಿಗೆ ಅಕ್ಸ್ಯೋನೊವ್ ಸತ್ತಿರುತ್ತಾನೆ. ಕೆಲವರಿಗೆ ಈ ಕೊನೆ ಸಿಟ್ಟು ತಂದಿತು. ಆದರೂ ಈ ಕಥೆಯನ್ನು ಅವರು ನಂಬಿದರು.

ಅವತ್ತು ನಾನೊಂದು ತಪ್ಪು ಮಾಡಿದೆ. ಮಾತು ಕಾವೇರಿದಾಗ ಸತ್ಯವೇದದ ಮತ್ತಾಯ 18ನೇ ಅಧ್ಯಾಯ ತೆಗೆದು, ಏಳು ಸಾರಿ ಅಲ್ಲ, ಏಳೆಪ್ಪತ್ತು ಸಾರಿ ಕ್ಷಮಿಸಬೇಕು ಅಂತ ಓದಿದೆ. ಎಲ್ಲರೂ "ಆಮೆನ್" ಅಂದರು. ಮಾತು ಅಲ್ಲಿಗೇ ನಿಂತಿತು. ವಚನದಲ್ಲಿ ಕೊರತೆ ಇಲ್ಲ. ನಾನು ಅದನ್ನು ಬಾಗಿಲು ಮುಚ್ಚಲಿಕ್ಕೆ ಬಳಸಿದ್ದೆ.

ಎಲ್ಲರೂ ಹೋದ ಮೇಲೆ ಒಬ್ಬ ಹೆಣ್ಣುಮಗಳು ಹಿಂದೆ ಉಳಿದಳು. ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದಿದ್ದಾಳೆ. "ಏಳೆಪ್ಪತ್ತು ಸಾರಿ ಅಂದ್ರ ಆ ಮನಿಗೆ ಮತ್ತ ಹೋಗಬೇಕೇನ್ರಿ ಅಕ್ಕೋರ?" ಅಂತ ಕೇಳಿದಳು. ನನ್ನ ಎದೆ ಧಸಕ್ಕೆಂದಿತು. ಬೇಡವ್ವ, ಕ್ಷಮಿಸೋದು ಬೇರೆ, ಹೊಡೆಸಿಕೊಳ್ಳಲಿಕ್ಕೆ ಹೋಗೋದು ಬೇರೆ ಅಂತ ಹೇಳಿದೆ. ಕ್ಷಮೆಯ ಕಥೆ ಓದುವವರು ಇದನ್ನು ಬಾಯಿಬಿಟ್ಟೇ ಹೇಳಬೇಕು. ಕೇಳುವವರಲ್ಲಿ ಇಂಥ ಒಬ್ಬಳಾದರೂ ಇರುತ್ತಾಳೆ. ಈಗ ಪ್ರತಿ ಸಲವೂ ಮೊದಲೇ ಹೇಳಿಬಿಡುತ್ತೇನೆ.

ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾರು ಅಂತ ಬರೆಯುವುದಿಲ್ಲ, ಅವರು ಆಡಿದ ಮಾತನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. ಮುಂದಿನ ಕಥೆ ಆರಿಸಲಿಕ್ಕೆ ಅದೇ ದಾರಿ ತೋರಿಸುತ್ತದೆ. ಹೆಂಡತಿಯ ಬಗ್ಗೆ ಅಷ್ಟು ಮಾತಾಗಿದ್ದನ್ನು ನೋಡಿ, ನಮ್ಮವರಿಗೆ ಹೊರಗಿನವರಿಗಿಂತ ಮನೆಯವರನ್ನು ಕ್ಷಮಿಸುವುದೇ ಕಷ್ಟ ಅಂತ ತಿಳಿಯಿತು. ಹಾಗಾಗಿ ಹೋದ ತಿಂಗಳು ಯೇಸುಸ್ವಾಮಿಯೇ ಹೇಳಿದ ಕಥೆ ತೆಗೆದೆ. ಲೂಕ 15, ತಪ್ಪಿಹೋದ ಮಗನ ಕಥೆ. ಸಭೆಯವರೆಲ್ಲ ಸಣ್ಣಂದಿನಿಂದ ಕೇಳಿದ್ದು. ಪಾಲು ತೆಗೆದುಕೊಂಡು ಹೋಗಿ ಎಲ್ಲ ಹಾಳು ಮಾಡಿಕೊಂಡ ಕಿರಿಮಗ ವಾಪಸ್ ಬಂದಾಗ ಅಪ್ಪ ಔತಣ ಮಾಡುತ್ತಾನೆ, ಹಿರಿಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಈ ಸಲ ಹಿರಿಮಗನ ಭಾಗವನ್ನು ನಿಧಾನಕ್ಕೆ ಓದಿದೆ. ಅವನು ಕೊನೆಗೆ ಒಳಗೆ ಹೋದನೋ ಇಲ್ಲವೋ ಅಲ್ಲಿ ಬರೆದಿಲ್ಲ. ಹೋಗಿರ್ತಾನೆ ಅಂದವರು ಏಳು ಜನ. ಇಲ್ಲ ಅಂದವರು ಐದು.

ಒಬ್ಬರು ಏನೂ ಹೇಳಲಿಲ್ಲ. ಹೊಲದ ವಾಟ್ನಿ, ಅಂದರೆ ಪಾಲಿನ, ವಿಷಯಕ್ಕೆ ಹಾವೇರಿಯಲ್ಲಿರುವ ತಮ್ಮನ ಮನೆ ಹೊಸ್ತಿಲು ತುಳಿಯದೆ ಅವರಿಗೆ ಹನ್ನೊಂದು ವರ್ಷ. ಆರು ತಿಂಗಳಿಂದ ಬರುತ್ತಿದ್ದರೂ ಬಾಯಿ ತೆರೆದಿರಲಿಲ್ಲ. ಚಹಾ ಬಂದಾಗ ಕಪ್ಪು ಕೆಳಗಿಟ್ಟು, "ಅಕ್ಕೋರ, ಅಂವಾ ಸಿಟ್ಟಾಗಿ ಹೊರಗ ನಿಂತಲ್ಲಿಂದ ಇನ್ನೊಮ್ಮೆ ಓದ್ರಿ" ಅಂದರು. ಓದಿದೆ. ಹಿರಿಮಗ ಒಳಗೆ ಬರಲೊಲ್ಲೆ ಅಂದದ್ದು, ಅಪ್ಪನೇ ಎದ್ದು ಹೊರಗೆ ಬಂದು ಅವನನ್ನು ಬೇಡಿಕೊಂಡದ್ದು. "ಅಪ್ಪ ಹೊರಗ ಬಂದ" ಅಂತ ಅವರು ಒಮ್ಮೆ ಮೆಲ್ಲಗೆ ಅಂದರು. ಅದನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ.